ಬಾಗಿಲೊಳಗಿನ ಉಪ್ಪು

ಆಗ ನನಗೆ ಐವತ್ತಮೂರು. ಇಪ್ಪತ್ತು ವರ್ಷದ ಹಿಂದಿನ ಮಾತು. ಕಂಪ್ಲಿಯಲ್ಲಿ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಒಂದು ವರ್ಷ ಒಬ್ಬಳೇ ಬೇಯಿಸಿಕೊಂಡು ಒಬ್ಬಳೇ ಉಂಡೆ. ಆಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಕಟ್ಟಿಕೊಂಡು ಹೊಸಪೇಟೆಯ ತವರಿಗೆ ಬಂದೆ. ನಾನು ಹುಟ್ಟಿದ ಮನೆ, ಅಂಬೆಗಾಲಿಟ್ಟ ಮನೆ. ಆದರೂ ಹೊಸ್ತಿಲಲ್ಲಿ ಕಾಲು ತಡೆಯಿತು. ಹೆಣ್ಣುಮಗಳು ತವರಿಗೆ ಹಬ್ಬಕ್ಕೆ ಬರಬೇಕು, ಬಾಣಂತನಕ್ಕೆ ಬರಬೇಕು, ಉಡಿ ತುಂಬಿಸಿಕೊಂಡು ತಿರುಗಿ ಹೋಗಬೇಕು. ಇರಲಿಕ್ಕೆಂದೇ ಬಂದವಳಿಗೆ ಯಾವ ಶಾಸ್ತ್ರವೂ ಇಲ್ಲ. ತಮ್ಮ ಚನ್ನಪ್ಪ ಟ್ರಂಕು ಇಳಿಸಿಕೊಂಡ. ಅವನ ಹೆಂಡತಿ ನೀಲವ್ವ ಕಾಲಿಗೆ ನೀರು ಕೊಟ್ಟಳು. ಎಷ್ಟು ದಿನ ಇರುತ್ತೀ ಅಂತ ಇಬ್ಬರೂ ಕೇಳಲಿಲ್ಲ. ಕೇಳಿದ್ದರೆ ಚಲೋ ಇತ್ತು.

ಮನೆ ಗುರುತು ಸಿಗದ ಹಾಗೆ ಆಗಿತ್ತು. ಚನ್ನಪ್ಪ ಗಾಡಿಗಳ ಟಿಂಕರಿಂಗ್ ಕೆಲಸದವನು. ಗುದ್ದಿಸಿಕೊಂಡು ಬಂದ ಜೀಪು, ಕಾರುಗಳ ನಜ್ಜುಗುಜ್ಜಾದ ಬಾಗಿಲು, ಬಾನೆಟ್ಟು, ಮಡ್‌ಗಾರ್ಡು ಬಿಚ್ಚಿ ಹೊಸವನ್ನು ಕೂಡಿಸುತ್ತಿದ್ದ. ಮುಂದಿನ ಕಟ್ಟೆ ಒಡೆದು ತಗಡಿನ ಶೆಡ್ಡು ಎಬ್ಬಿಸಿದ್ದ. ಅದೂ ಸಾಲದೆ ಸಾಮಾನು ಮನೆಯೊಳಗೆ ನುಗ್ಗಿತ್ತು. ಅಪ್ಪನ ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲಿ ಬಾಗಿಲುಗಳು ಸಾಲಾಗಿ ನಿಂತಿದ್ದವು. ಜೋಳ ತುಂಬುತ್ತಿದ್ದ ಹಗೇವಿನ ಬಾಯಿ ಮುಚ್ಚಿ, ಅದರ ಮೇಲೆ ಬಾನೆಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದ್ದ. ನಡುವೆ ಹಳೇ ಗೋಣಿಚೀಲ. ನಮ್ಮನ್ನೆಲ್ಲ ತೂಗಿದ ತೊಟ್ಟಿಲಿನ ಕೊಂಡಿಗಳು ಜಂತಿಗೆ ಹಾಗೇ ಇದ್ದವು, ಅವಕ್ಕೆ ಮಡ್‌ಗಾರ್ಡುಗಳು ಜೋತುಬಿದ್ದಿದ್ದವು. ನನಗೆ ಮಲಗಲು ಕೊಟ್ಟದ್ದು ಅದೇ ಕೋಣೆ. ಗಾಳಿ ಬೀಸಿದರೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸಂಡೂರಿನ ಗುಡ್ಡ ಅಗೆದು ಅದಿರು ಸಾಗಿಸುವ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದ ಕಾಲ. ದುಡ್ಡು ಬಂದವರೆಲ್ಲ ಕಾರು ಕೊಂಡರು. ಓಡಿಸಲು ಬಂದವರು ಕೊಂಡರು, ಬಾರದವರೂ ಕೊಂಡರು. ನಮ್ಮ ಚನ್ನಪ್ಪನಿಗೆ ಉಣ್ಣಲು ಪುರಸೊತ್ತಿರಲಿಲ್ಲ.

ತವರಿನಲ್ಲಿ ಕೂತು ಉಣ್ಣುವುದು ಏನು ಅಂತ ಉಂಡವರಿಗೇ ಗೊತ್ತು. ನೀಲವ್ವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿ, ಕೇಳುವ ಮುಂಚೆ ಬಡಿಸುತ್ತಿದ್ದಳು. ಎರಡನೇ ರೊಟ್ಟಿಗೇ ನಾನು ಸಾಕು ಅನ್ನುತ್ತಿದ್ದೆ. ಹೊಟ್ಟೆ ಸಾಕು ಅಂದಿರಲಿಲ್ಲ. ಕಸ ಹೊಡೆಯಲು ಹೋದರೆ ನೀಲವ್ವ ಕಸಬರಿಗೆ ಕಸಿದುಕೊಳ್ಳುತ್ತಿದ್ದಳು, ಭಾಂಡಿ ತಿಕ್ಕಲು ಕೂತರೆ ಏಳಿಸುತ್ತಿದ್ದಳು. ಗೌರವ ಅಂತ ಅವಳು ಮಾಡಿದ್ದು ನನಗೆ ದಂಡವಾಗಿತ್ತು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾಡಲು ಬರುವುದು ಮನೆಗೆಲಸ ಒಂದೇ. ಅದನ್ನೂ ಮಾಡಗೊಡದಿದ್ದರೆ ಯಾವ ಮುಖದಿಂದ ತಟ್ಟೆ ಮುಂದೆ ಕೂರಬೇಕು? ಅದಕ್ಕೇ ಶೆಡ್ಡಿಗೆ ಹೋಗಿ ಕೂರತೊಡಗಿದೆ.

ಅಲ್ಲಿ ನನಗೊಂದು ಕೆಲಸ ಸಿಕ್ಕಿತು. ಹೊಸ ಬಾಗಿಲು ಬರುವಾಗ ಮೈತುಂಬ ಕಪ್ಪು ಬಳಿದುಕೊಂಡು ಬರುತ್ತದೆ. ಬಣ್ಣ ಹಚ್ಚಿಯೇ ಕಳಿಸಿದ್ದಾರಲ್ಲ, ಮತ್ತೇಕೆ ಇಷ್ಟು ಒದ್ದಾಡುತ್ತೀ ಅಂತ ಒಂದು ದಿನ ಕೇಳಿದೆ.

“ಇದು ಬಣ್ಣ ಅಲ್ಲಕ್ಕಾ, ಅಂಗಿ ಒಳಗಿನ ಬನೀನು. ಬರೇ ಬನೀನಿನ ಮ್ಯಾಲೆ ಯಾರರ ಊರು ತಿರುಗ್ತಾರಾ?”

“ನಮ್ಮಪ್ಪ ತಿರುಗ್ತಿದ್ನಲ್ಲೋ.”

“ಅದಕ್ಕಾ ಕೆಮ್ಮು ಹತ್ತಿ ಹೋದ,” ಅಂದ. ಇಬ್ಬರೂ ನಕ್ಕೆವು.

ತುಕ್ಕು ಅಂದರೆ ಅವನಿಗೆ ಶನಿ. ಕಪ್ಪಿನ ಮೇಲೆ ಉಗುರು ಗೀರಿದಷ್ಟು ಬಿಳಿ ತಗಡು ಕಂಡರೂ ಅವತ್ತೇ ಪ್ರೈಮರ್ ಹಚ್ಚಬೇಕು, ನಾಳೆಗೆ ಬಿಡುವಂತಿಲ್ಲ. ಬರಿಗೈಯಲ್ಲಿ ತಗಡು ಮುಟ್ಟಿದರೆ ಬೈಯುತ್ತಿದ್ದ. ಕೈ ಬೆವರು ಉಪ್ಪು, ಉಪ್ಪು ತಾಗಿದ ಕಡೆ ತುಕ್ಕು ಎದ್ದೇ ಏಳುತ್ತದೆ ಅನ್ನುತ್ತಿದ್ದ. ಬಾಗಿಲು ಹೊರಗಿನಿಂದ ಕೊಳೆಯುವುದಿಲ್ಲ, ಒಳಗಿನಿಂದ ಕೊಳೆಯುತ್ತದೆ ಅಂತ ನನಗೆ ಹೇಳಿಕೊಟ್ಟವನೂ ಅವನೇ. ಗಾಜು ಇಳಿಯುವ ಸಂದಿಯಲ್ಲಿ ಮಳೆನೀರು ಒಳಗೆ ಹೋಗುತ್ತದೆ, ಬುಡದಲ್ಲಿ ತಗಡು ಮಡಚಿದ ಕಡೆ ನಿಲ್ಲುತ್ತದೆ. ಅದು ಹರಿದುಹೋಗಲು ಬುಡದಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಕಡೆಯ ಅದಿರಿನ ಕೆಂಪು ಧೂಳು ಆ ತೂತಿಗೆ ಮೆತ್ತಿಕೊಂಡರೆ ಮುಗಿಯಿತು. ಅದಕ್ಕೆ ಒಳಗೆಲ್ಲ ಮೇಣ, ಎಣ್ಣೆ ಕೂಡಿಸಿ ಕಾಯಿಸಿದ್ದನ್ನು ಬಟ್ಟೆಯಿಂದ ಸವರಬೇಕು, ತೂತುಗಳಿಗೆ ತಂತಿ ಆಡಿಸಬೇಕು. ಸುತ್ತಿಗೆ ಹಿಡಿದು ಹಿಡಿದು ಅವನ ಕೈ ದಪ್ಪವಾಗಿತ್ತು, ಒಳಗೆ ಹೋಗುತ್ತಿರಲಿಲ್ಲ. ನನ್ನದು ಒಣಕಲು ಕೈ. ಬಳೆಯೂ ಇರಲಿಲ್ಲ. ಮೊಣಕೈತನಕ ಸಲೀಸಾಗಿ ಹೋಗುತ್ತಿತ್ತು. ಆ ದಿನದಿಂದ ಬಾಗಿಲ ಒಳಮೈ ನನ್ನ ಪಾಲಿಗೆ ಬಂತು. ಬೆರಳಿನಿಂದ ಮೇಣದ ವಾಸನೆ ಹೋಗುತ್ತಿರಲಿಲ್ಲ. ಆದರೆ ಮೂರನೇ ರೊಟ್ಟಿ ಕೇಳಿ ಹಾಕಿಸಿಕೊಂಡೆ.

ಬಂಡ್ರಿ ಕಡೆಯಿಂದ ಒಂದು ಜೀಪು ಬಂತು. ಲಾರಿ ಗುದ್ದಿ ಡ್ರೈವರು ಜಾಗದಲ್ಲೇ ಹೋಗಿದ್ದ. ಹಳೇ ಬಾಗಿಲು ಬಿಚ್ಚುವಾಗ ಒಳಗೆಲ್ಲ ಒಣಗಿದ ರಕ್ತ. ಚನ್ನಪ್ಪ ಬಾಗಿಲು ಕೆಳಗಿಟ್ಟವನು ಆ ಸಂಜೆ ಜ್ವರ ಬಂದು ಮಲಗಿದ. ಜ್ವರ ಇಳಿದರೂ ಆ ಜೀಪಿನ ಹತ್ತಿರ ಹೋಗಲೊಲ್ಲ. ಚಿಕ್ಕವನಿದ್ದಾಗಲೂ ಅವನು ಹೀಗೇ, ಹೆಣ ಹೋದ ದಾರಿಯಲ್ಲಿ ಎಂಟು ದಿನ ನಡೆಯುತ್ತಿರಲಿಲ್ಲ. ನಾನು ಸೊಂಟದ ಮೇಲೆ ಹೊತ್ತು ದಾಟಿಸಬೇಕಿತ್ತು. ಒಂದು ಮುಂಜಾನೆ ಅಡಿಗೆಮನೆಗೆ ಬಂದು ಒಲೆ ಮುಂದೆ ಕುಕ್ಕರಿಸಿದ. ನೀಲವ್ವ ಹಿಟ್ಟು ನಾದುತ್ತಿದ್ದಳು.

“ಅಕ್ಕಾ, ಅಪ್ಪನ ಬಂಡಿ ಕಾಲುವಿಗೆ ಉಳ್ಳಿ ಬಿದ್ದಾಗ ಅವ್ವ ಏನೋ ಕಟ್ಟಿದ್ದಳಲ್ಲ?”

“ಉಪ್ಪು, ಒಣಮೆಣಸಿನಕಾಯಿ. ತನ್ನ ಸೀರಿ ತುಂಡಿನಾಗ. ನೊಗಕ್ಕ ಕಟ್ಟಿದ್ಲು. ದೃಷ್ಟಿ, ಗಾಳಿ ಏನಿದ್ರೂ ಉಪ್ಪು ಎಳಕಂತೈತಿ ಅಂತಿದ್ಲು.”

“ಆ ಜೀಪಿಗೆ ಅದನ್ನ ಕಟ್ಟು.”

“ಜೀಪಿಗೆಲ್ಲಿ ನೊಗ ಐತೋ?”

“ಬಾಗ್ಲದ ಒಳಗ ಕಟ್ಟು. ನಿನ್ನ ಕೈ ಹೋಗ್ತದಲ್ಲ. ಯಾರಿಗೂ ಕಾಣಂಗಿಲ್ಲ.”

ನೀಲವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

“ಇಷ್ಟು ದೊಡ್ಡ ಗಂಡಸು, ಉಪ್ಪು ಕಟ್ಟಿದ್ರ ಧೈರ್ಯ ಬರ್ತದಂತ. ಕಟ್ಟರಿ ಅಕ್ಕಾರ, ಉಳಿದದ್ದು ಇವರ ನಡಕ್ಕೂ ಕಟ್ಟರಿ!”

ಕಟ್ಟಿದೆ. ಗಂಡ ಹೋದ ಮೇಲೆ ಉಡದೆ ಟ್ರಂಕಿನಲ್ಲಿಟ್ಟಿದ್ದ ಹಸಿರು ಇಳಕಲ್ ಸೀರೆಯ ಸೆರಗು ಹರಿದು, ಹಿಡಿ ಹರಳುಪ್ಪು, ಮೆಣಸಿನಕಾಯಿ ಹಾಕಿ ಗಂಟು ಮಾಡಿ, ಬಾಗಿಲೊಳಗಿನ ಸರಳಿಗೆ ಬಿಗಿದೆ. ಮೇಣ ಸವರಿದ ಕೈಯಲ್ಲೇ ಬಿಗಿದೆ. ಚನ್ನಪ್ಪ ಎದ್ದು ಕೆಲಸಕ್ಕೆ ನಿಂತ. ಆಮೇಲೆ ಪೆಟ್ಟುತಿಂದು ಬಂದ ಗಾಡಿ ಯಾವುದಿದ್ದರೂ ಅವನು ನನ್ನ ಕಡೆ ನೋಡುತ್ತಿದ್ದ, ನಾನು ಉಪ್ಪಿನ ಮಡಕೆಗೆ ಕೈ ಹಾಕುತ್ತಿದ್ದೆ. ಸೀರೆಯ ಸೆರಗು ಮುಗಿದು ಒಡಲಿಗೆ ಕತ್ತರಿ ಬಂದಿತ್ತು. ಕೈ ಬೆವರಿಗೆ ಹೆದರುವ ಮನುಷ್ಯ ಅದೇ ಬಾಗಿಲೊಳಗೆ ಹಿಡಿ ಉಪ್ಪು ಕಟ್ಟಿಸಿದನಲ್ಲ, ಅವನಿಗೆ ಹೊಳೆಯಲಿಲ್ಲವೇ ಅಂತ ಈಗ ಕೇಳುವವರು ಕೇಳುತ್ತಾರೆ. ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ತುಕ್ಕಿನ ಉಪ್ಪು ಬೇರೆ, ಅವ್ವನ ಉಪ್ಪು ಬೇರೆ ಅಂದುಕೊಂಡಿದ್ದೆವು. ಅವ್ವ ಕಟ್ಟಿದ್ದು ಕಟ್ಟಿಗೆಯ ನೊಗಕ್ಕೆ. ಕಟ್ಟಿಗೆಗೆ ಉಪ್ಪು ಏನು ಮಾಡೀತು?

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ವಡ್ಡು ಊರಿನ ಯರ್ರಿಸ್ವಾಮಿ ಬಂದ. ಗಣಿಗೆ ಜೀಪುಗಳನ್ನು ಬಾಡಿಗೆಗೆ ಬಿಟ್ಟವನು, ನಮ್ಮ ದೊಡ್ಡ ಗಿರಾಕಿ. ನಡುಮಧ್ಯಾಹ್ನ, ಶೆಡ್ಡಿನ ಮುಂದೆ ಕೆಲಸಕ್ಕೆ ಬಂದ ನಾಲ್ಕಾರು ಗಾಡಿ, ಅವುಗಳ ಡ್ರೈವರುಗಳು, ಎದುರಿನ ಮಿರ್ಚಿ ಅಂಗಡಿಯ ಜನ. ಯರ್ರಿಸ್ವಾಮಿ ಜೀಪಿನಿಂದ ಇಳಿದವನೇ ಚಪ್ಪಲಿಯ ತುದಿಯಿಂದ ಬಾಗಿಲ ಬುಡಕ್ಕೆ ಒದ್ದ. ಬುಡ ಹಪ್ಪಳದ ಹಾಗೆ ಮುರಿದು ಕೆಂಪು ಪುಡಿ ಸುರಿಯಿತು.

“ಏನಪಾ ಚನ್ನಪ್ಪ, ಇದೇನಾ ನಿನ್ನ ಕೆಲಸ? ಹಳೇ ಬಾಗ್ಲ ಹದಿನೈದು ವರ್ಷ ಇತ್ತು. ನಿಂದು ಎರಡು ಮಳಿ ತಡಿಲಿಲ್ಲ!”

“ನಾನು ಪ್ರೈಮರ್ ಬಿಟ್ಟಿಲ್ರಿ, ಯಜಮಾನ್ರ. ಒಳಗ ಮೇಣನೂ ಹಚ್ಚೀನಿ.”

“ಹಚ್ಚಿದ್ರ ಎಲ್ಲಿ ಹೋತು? ಲೇ, ಬಿಚ್ಚಲೇ ಅದನ್ನ. ನಾನೂ ನೋಡ್ತೀನಿ.”

ಕೊನೆಯ ಮಾತು ತನ್ನ ಡ್ರೈವರಿಗೆ ಹೇಳಿದ್ದು. ನಾನು ಬಿಚ್ಚತೀನಿ ತಡೀ ಅಂತ ಚನ್ನಪ್ಪ ಮುಂದೆ ಬರುವುದರೊಳಗೆ ಅವನು ಸ್ಕ್ರೂಗಳನ್ನು ತಿರುಗಿಸಿ ಒಳಗಿನ ಹಲಗೆ ಕಿತ್ತು ಕೈ ಹಾಕಿದ. ಹಾಕಿದ ಕೈಯನ್ನು ಹಾವು ಮುಟ್ಟಿದವನ ಹಾಗೆ ಹೊರಗೆಳೆದು, ಕೈಗೆ ಬಂದದ್ದನ್ನು ನೆಲಕ್ಕೆ ಎಸೆದ. ಹಸಿರು ಬಟ್ಟೆಯ ಗಂಟು. ತೊಯ್ದು, ಕಂದಾಗಿ, ಒಳಗಿನ ಮೆಣಸಿನಕಾಯಿ ಕೊಳೆತಿತ್ತು. ಉಪ್ಪು ನೀರಾಗಿ ಇಳಿದು ಬುಡದ ಮಡಿಕೆಯನ್ನು ತಿಂದುಹಾಕಿತ್ತು.

“ಮಾಟ, ಧಣಿ! ಮಾಟ ಮಾಡ್ಯಾರ!”

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಯರ್ರಿಸ್ವಾಮಿಯ ಮುಖದ ಸಿಟ್ಟು ಹೋಗಿ ಹೆದರಿಕೆ ಬಂತು.

“ಈ ಬಾಗ್ಲ ಹಾಕಿಸಿದಾಗಿಂದ ನಮ್ಮನಿಯಾಗ ಒಬ್ರಲ್ಲ ಒಬ್ರು ಹಾಸಿಗಿ ಹಿಡದಾರ. ಇದಾ ನೋಡು ಕಾರಣ! ಯಾರ ಕೆಲಸಲೇ ಇದು?”

ನಾನು ಚಹಾದ ಪಾತ್ರೆ ಹಿಡಿದು ಮನೆಯ ಬಾಗಿಲಲ್ಲಿ ನಿಂತಿದ್ದೆ. ಪಾತ್ರೆ ಬಿಸಿ ಅಂತ ಹಿಡಿಬಟ್ಟೆ ಸುತ್ತಿದ್ದೆ. ಅದೂ ಅದೇ ಹಸಿರು ಸೀರೆಯ ತುಂಡು. ಒಬ್ಬ ಡ್ರೈವರು ನೋಡಿದ, ಆಮೇಲೆ ಎಲ್ಲರೂ ನೋಡಿದರು.

“ಯಾರಪಾ ಈಕಿ?”

“ನಮ್ಮಕ್ಕರಿ,” ಅಂದ ಚನ್ನಪ್ಪ.

“ಗಂಡ ಸತ್ತು ಬಂದು ಕುಂತಾಳಂತಲ್ಲ, ಆಕಿನಾ? ಇದು ಈಕಿ ಕಟ್ಟಿದ್ದು ನಿನಗ ಗೊತ್ತಿತ್ತಾ?”

ಚನ್ನಪ್ಪ ನನ್ನ ಕಡೆ ನೋಡಿದ. ಆಮೇಲೆ ಮುರಿದ ಬಾಗಿಲ ಬುಡ ನೋಡಿದ. ಹೆಣ ಹೋದ ದಾರಿಯಲ್ಲಿ ನನ್ನ ಕುತ್ತಿಗೆ ತಬ್ಬಿಕೊಳ್ಳುತ್ತಿದ್ದನಲ್ಲ, ಅದೇ ಮುಖ. ಗೊತ್ತಿತ್ತು, ನಾನೇ ಹೇಳಿದ್ದೆ ಅನ್ನುತ್ತಾನೆ ಅಂತ ಕಾದೆ. ಹೌದು, ಕಾದೆ.

“ನನಗ ಗೊತ್ತಿಲ್ರಿ,” ಅಂದ.

ಪಾತ್ರೆ ಕೆಳಗಿಟ್ಟು ಮುಂದೆ ಹೋದೆ.

“ನಾನಾ ಕಟ್ಟೀನಿ. ಮಾಟ ಅಲ್ಲ, ಉಪ್ಪು. ನಿಮ್ಮ ಗಾಡಿಗೆ ದೃಷ್ಟಿ ಆಗಬಾರದಂತ ಕಟ್ಟಿದ್ದು. ಮಾಟ ಆಗಿದ್ರ ನನಗಾ ತಗಲ್ಲಿ.”

ಗಂಟು ಬಿಚ್ಚಿ, ಒಳಗೆ ಉಳಿದಿದ್ದ ರಾಡಿ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ. ಉಪ್ಪು, ಕಬ್ಬಿಣ, ಮೇಣದ ಜಿಡ್ಡು. ನುಂಗಿದೆ. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮಾಟ ಅಂದಾಗ ಅಷ್ಟು ತಾಗಿರಲಿಲ್ಲ. ಆ ನಗು ತಾಗಿತು. ಐವತ್ತು ದಾಟಿದ ಹೆಂಗಸು, ಹಣೆ ಮೇಲೆ ವಿಭೂತಿ, ಬೀದಿಯಲ್ಲಿ ನಿಂತು ತುಕ್ಕು ನೆಕ್ಕುತ್ತಿದ್ದಳು. ಯರ್ರಿಸ್ವಾಮಿಗೂ ಅಸಹ್ಯವಾಯಿತೇನೋ, ದನಿ ಇಳಿಸಿದ.

“ಆತು ಬಿಡು. ಹೊಸ ಬಾಗ್ಲ ಹಾಕಿ ಕೊಡು. ಆದ್ರ ಈಕಿ ಕೈ ಹಚ್ಚಬಾರದು. ನನ್ನ ಗಾಡಿಗೂ ಅಷ್ಟ, ಮತ್ಯಾರ ಗಾಡಿಗೂ ಅಷ್ಟ.”

“ಆತ್ರಿ,” ಅಂದ ನನ್ನ ತಮ್ಮ.

ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕರೆದರು. ನಾನು ಒಲ್ಲೆ ಅನ್ನಲಿಲ್ಲ. ಒಲ್ಲೆ ಅಂದರೆ ಅದೊಂದು ರಂಪ, ಓಣಿಗೆಲ್ಲ ಕೇಳುತ್ತದೆ. ಹೋಗಿ ಕೂತೆ. ಚನ್ನಪ್ಪ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಿದ್ದ, ಬಾಯಿಗೆ ಹಾಕುತ್ತಿರಲಿಲ್ಲ. ನೀಲವ್ವ ರೊಟ್ಟಿ ಬುಟ್ಟಿ ದಪ್ಪನೆ ಕೆಳಗಿಟ್ಟಳು.

“ಏನ್ರಿ, ಗೊತ್ತಿಲ್ಲ ಅಂದ್ರಂತಲ್ಲ? ಅವತ್ತು ಇಲ್ಲೇ ಒಲಿ ಮುಂದ ಕುಂತು ಕಟ್ಟು ಅಂದಾವ್ರು ಯಾರು? ನಾನು ಹಿಟ್ಟು ನಾದತಿದ್ದೆ. ನನಗ ಕಿವಿ ಇಲ್ಲೇನು?”

“ನೀ ಸುಮ್ನಿರು.”

“ನಾ ಯಾಕ ಸುಮ್ನಿರ್ಲಿ? ಸುಮ್ನಿದ್ದವರು ನೀವು. ಅಕ್ಕಾರು ಅದನ್ನ ತಿಂದ್ರು. ನೋಡಕೋಂತ ನಿಂತ್ರಿ.”

“ಏನು ಮಾಡಬೇಕಿತ್ತು? ನಾನಾ ಕಟ್ಟಿಸಿದ್ದು ಅಂದ್ರ ನಾಳೆ ಒಬ್ಬಾತ ಗಾಡಿ ತರ್ತಾನೇನು? ತುಕ್ಕು ಬಿಡಿಸಾವನಾ ತುಕ್ಕು ಹಾಕ್ಯಾನ ಅಂತಾರ. ನನ್ನ ಹೆಸರು ಹೋದ್ರ ಮನಿ ಹೋಗ್ತದ. ಅಕ್ಕನ ಹೆಸರು ಹೋದ್ರ...”

ಅಲ್ಲಿಗೆ ನಿಲ್ಲಿಸಿದ. ನಾನು ಅವನ ಮಾತು ಮುಗಿಸಿದೆ.

“ಏನೂ ಹೋಗಂಗಿಲ್ಲ.”

ನಿಜವೇ. ನನ್ನ ಹೆಸರು ಕೇಳಿಕೊಂಡು ಯಾರೂ ಆ ಮನೆಗೆ ಬರುತ್ತಿರಲಿಲ್ಲ. ಲೆಕ್ಕ ಸರಿ ಇತ್ತು. ಅವನ ಲೆಕ್ಕ ಸರಿ ಇದೆ ಅಂತ ನನಗೂ ಅನಿಸಿತಲ್ಲ, ಅದಕ್ಕೇ ಮೈಯೆಲ್ಲ ಮುಳ್ಳೆದ್ದಿತು. ಎರಡು ವರ್ಷ ಬಾಗಿಲೊಳಗೆ ಕೈ ಹಾಕಿ ಅನ್ನದ ಋಣ ತೀರಿಸುತ್ತಿದ್ದೇನೆ ಅಂತ ಸೊಕ್ಕಿನಿಂದ ಮೂರನೇ ರೊಟ್ಟಿ ಉಂಡವಳು ನಾನು. ಆ ಮನೆಯಲ್ಲಿ ನನ್ನ ಬೆಲೆ ಏನು ಅಂತ ಆ ಒಂದು ಅರ್ಧ ಮಾತಿನಲ್ಲಿ ಗೊತ್ತಾಯಿತು. ಆದರೂ ರೊಟ್ಟಿ ಬಿಡಲಿಲ್ಲ, ಉಂಡೆ. ಉಂಡು ಕೇಳಿದೆ.

“ಉಳಿದ ಬಾಗ್ಲದಾಗ ಇರೋ ಉಪ್ಪು ಏನು ಮಾಡ್ತಿ, ಚನ್ನ? ಊರಾಗ ಅದಾವ, ಕಂಪ್ಲಿಯಾಗ ಅದಾವ, ಸಂಡೂರಾಗ ಅದಾವ.”

“ಇರ್ಲಿ ಬಿಡು.”

“ಇರ್ಲಿ ಅಂದ್ರ? ಇವತ್ತು ತೆಗದ್ರ ಇನ್ನೂ ಉಳೀತಾವ. ತೊಳದು, ಒಣಗಿಸಿ, ಪ್ರೈಮರ್ ಹೊಡದ್ರ...”

“ಯಾರ ಮುಂದ ಹೋಗಿ ಏನಂತ ಬಿಚ್ಚಲಿ? ಕೊಳತ್ರ ಮಳಿಗೆ ಕೊಳತೈತಿ ಅಂತೀನಿ. ಧೂಳಿಗೆ ಕೊಳತೈತಿ ಅಂತೀನಿ. ಯಾರಿಗೆ ಗೊತ್ತಾಗ್ತದ?”

ನೀಲವ್ವ ಎದ್ದು ಒಳಗೆ ಹೋದಳು. ಉಗುರು ಗೀರಿದ ಗುರುತನ್ನು ನಾಳೆಗೆ ಬಿಡದಿದ್ದ ಮನುಷ್ಯ ಆಡಿದ ಮಾತು ಅದು. ನನ್ನನ್ನು ಬೀದಿಯಲ್ಲಿ ಬಿಟ್ಟುಕೊಟ್ಟಾಗ ನನಗಾಗಿ ನಾಚಿಕೆಪಟ್ಟಿದ್ದೆ. ಈಗ ಅವನಿಗಾಗಿ ನಾಚಿಕೆಯಾಯಿತು, ಇದು ಅದಕ್ಕಿಂತ ಹೆಚ್ಚು ಸುಟ್ಟಿತು. ಅವ್ವ ಹೊಲದಲ್ಲಿರುವಾಗ ಅವನಿಗೆ ಉಣ್ಣಿಸಿದವಳು ನಾನು, ಸುಳ್ಳು ಹೇಳಿದರೆ ತೊಡೆ ಚಿವುಟಿದವಳೂ ನಾನೇ. ಐವತ್ತೈದು ದಾಟಿದವಳು ತಲೆಯಲ್ಲಿ ಬೆಳ್ಳಿಕೂದಲು ಬಂದವನ ತೊಡೆ ಚಿವುಟುವುದು ಹೇಗೆ? ತಟ್ಟೆ ತೊಳೆದಿಟ್ಟು ಕೋಣೆಗೆ ಹೋದೆ.

ಮರುದಿನ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಶೆಡ್ಡಿನಿಂದ ಸ್ಕ್ರೂಡ್ರೈವರು ತಗೊಂಡು ಓಣಿಯ ತುದಿಯ ಅಕ್ಕಿ ಗಿರಣಿಯವರ ಮನೆಗೆ ಹೋದೆ. ಅವರ ಕಾರು ಅಂಗಳದಲ್ಲೇ ನಿಂತಿತ್ತು. ಗಿರಣಿಯವರ ಹೆಂಡತಿ ರಂಗೋಲಿ ಹಾಕುತ್ತಿದ್ದಳು. ನಿನ್ನೆಯ ಸುದ್ದಿ ಅವಳಿಗೆ ಮುಟ್ಟಿತ್ತು. ನನ್ನನ್ನು ಕಂಡು ಕೈ ನಿಲ್ಲಿಸಿದಳು, ಒಳಗೆ ಬಾ ಅನ್ನಲಿಲ್ಲ.

“ನಿಮ್ಮ ಕಾರಿನ ಎಡಗಡಿ ಬಾಗ್ಲದಾಗ ಉಪ್ಪು ಕಟ್ಟೀನ್ರಿ. ತೆಗದು ತೊಳದು ಕೊಡ್ತೀನಿ. ಇಲ್ಲಾಂದ್ರ ಬಾಗ್ಲ ತಿಂತೈತಿ.”

“ಇದು ಚನ್ನಪ್ಪಗ ಗೊತ್ತಿತ್ತೇನು?”

“ಗೊತ್ತಿತ್ತು. ಅವನಾ ಕಟ್ಟು ಅಂದಿದ್ದು, ನಾನು ಕಟ್ಟಿದ್ದು. ಇಬ್ರಿಗೂ ತಿಳೀಲಿಲ್ಲ.”

“ಹಂಗಾದ್ರ ಅವನ್ಯಾಕ ಬರ್ಲಿಲ್ಲ?”

“ಅವಗ ನಾಚಿಕಿ ಐತ್ರಿ.”

“ನಿನಗಿಲ್ಲೇನಬೇ?”

“ನನಗೂ ಐತಿ. ಬಾಗ್ಲ ತೆಗೀರಿ.”

ಅವಳು ನನ್ನನ್ನು ಕಾಲಿನಿಂದ ತಲೆತನಕ ಒಮ್ಮೆ ನೋಡಿ, ರಂಗೋಲಿ ಬಟ್ಟಲು ಬದಿಗಿಟ್ಟು, ಕೀಲಿ ತರಲು ಒಳಗೆ ಹೋದಳು. ನಾನು ಕಾರಿನ ಪಕ್ಕ ನೆಲಕ್ಕೆ ಕೂತು ಕುಪ್ಪಸದ ತೋಳು ಮೇಲೆ ಸರಿಸಿಕೊಂಡೆ.